ಬೆನ್ನುನೋವನ್ನ ಸೆಟ್ಸ್ವಾನದಲ್ಲಿ ಕೇಳೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಬೆನ್ನುನೋವಿನಿಂದ ಎಷ್ಟು ತೊಂದ್ರೆ ಆಗ್ತಿದೆ ಅಂತ ಅಳೆಯೋ ಫಾರ್ಮ್‌ಗಳ ಬಗ್ಗೆ ಸ್ವಲ್ಪ ಬರೆದಿದ್ದೆ. ಅದನ್ನ ಓದಿ ಆಫ್ರಿಕಾದ ಬೋಟ್ಸ್ವಾನದಿಂದ ಒಬ್ರು ಬರೆದಿರೋ ಪತ್ರ ಎಷ್ಟು ಮುಖ್ಯದ್ದು ಅನ್ನಿಸ್ತು ಅಂದ್ರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಇದೇ ವಿಷಯಕ್ಕೆ ಸೇರೋ ಬೇರೆ ಪ್ರಶ್ನೆಗಳನ್ನೂ ಜೊತೆಗೆ ತಗೊಂಡಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಬೋಟ್ಸ್ವಾನದ ರಾಜಧಾನಿ ಗ್ಯಾಬರೋನ್‌ ಹತ್ರ ಫಿಸಿಯೋ ಆಗಿದೀನಿ. ನಮ್ಮಲ್ಲಿ ಬೆನ್ನುನೋವಿನವರಿಗೆ ಕೊಡೋ ರೋಲಂಡ್-ಮಾರಿಸ್ ಫಾರ್ಮ್ ಇಂಗ್ಲಿಷಲ್ಲಿದೆ. ಇಂಗ್ಲಿಷ್ ಬರದೋರಿಗೆ ನರ್ಸ್ ಅದನ್ನ ನೋಡ್ಕೊಂಡು ಅಲ್ಲೇ ಇಲ್ಲಿನ ಭಾಷೆ ಸೆಟ್ಸ್ವಾನದಲ್ಲಿ ಹೇಳ್ತಾರೆ, ಅವರು ಹೂಂ ಅಂದಿದ್ದಕ್ಕೆ ಟಿಕ್ ಹಾಕ್ತಾರೆ. ಹಳ್ಳಿಯಿಂದ ಬರೋ ವಯಸ್ಸಾದ ಹೆಂಗಸರು ಎದ್ದು ನಿಲ್ಲೋಕೇ ಒದ್ದಾಡ್ತಿರ್ತಾರೆ, ಫಾರ್ಮಲ್ಲಿ ನೋಡಿದ್ರೆ ಸ್ಕೋರ್ ಕಮ್ಮಿ. ನಾನೇ ಆನ್‌ಲೈನ್ ಟ್ರಾನ್ಸ್‌ಲೇಟರ್‌ಗೆ ಹಾಕಿ, ನರ್ಸ್ ಹತ್ರ ಒಂದ್ಸಲ ತಿದ್ದಿಸಿ, ಸೆಟ್ಸ್ವಾನ ಫಾರ್ಮ್ ಪ್ರಿಂಟ್ ಮಾಡ್ಕೊಂಡ್ರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಆದ್ರೆ ನೀವು ಗಮನಿಸಿರೋದು ನೂರಕ್ಕೆ ನೂರು ಸರಿ, ಅದಕ್ಕೆ ಕಾರಣ ಆ ಫಾರ್ಮ್ ಒಳಗೇ ಕೂತಿದೆ.

ಮಾರ್ಟಿನ್ ರೋಲಂಡ್, ರಿಚರ್ಡ್ ಮಾರಿಸ್ ಅನ್ನೋ ಇಬ್ರು ಇಂಗ್ಲೆಂಡಿನ ಡಾಕ್ಟ್ರು ಇದನ್ನ 1983ರಲ್ಲಿ ಪ್ರಕಟಿಸಿದ್ರು. 136 ವಾಕ್ಯಗಳಿದ್ದ ಒಂದು ದೊಡ್ಡ ಆರೋಗ್ಯ ಪ್ರಶ್ನಾವಳಿಯಿಂದ ಬೆನ್ನಿಗೆ ಸಂಬಂಧಪಟ್ಟ 24 ಆರಿಸ್ಕೊಂಡು, ಹೆಚ್ಚುಕಮ್ಮಿ ಎಲ್ಲದಕ್ಕೂ "ನನ್ನ ಬೆನ್ನಿನ ದೆಸೆಯಿಂದ" ಅಂತ ಸೇರಿಸಿದ್ರು. ಇವತ್ತಿನ ಮಟ್ಟಿಗೆ ನಿಮಗೆ ಹೊಂದೋ ವಾಕ್ಯಕ್ಕೆ ಟಿಕ್ ಹಾಕಿ, ಹೊಂದದೇ ಇರೋದನ್ನ ಬಿಡಿ, ಟಿಕ್ ಎಣಿಸಿದ್ರೆ ಸ್ಕೋರ್. 0 ಅಂದ್ರೆ ತೊಂದ್ರೆ ಇಲ್ಲ, 24 ಅಂದ್ರೆ ಪೂರ್ತಿ ಕೈಲಾಗ್ತಿಲ್ಲ. ಇಷ್ಟು ಸರಳ ಇರೋದ್ರಿಂದಲೇ ಅದು ಪ್ರಪಂಚ ಪೂರ್ತಿ ಓಡಾಡ್ತಿದೆ, ಮತ್ತೆ ಫ್ರೀ ಬೇರೆ, ಯಾರ ಪರ್ಮಿಷನ್ನೂ ಬೇಡ.

ಈಗ ಆ ವಾಕ್ಯಗಳನ್ನೇ ನೋಡಿ. ಮೆಟ್ಟಿಲು ಹತ್ತುವಾಗ ಕಟಕಟೆ ಹಿಡ್ಕೋತೀನಿ ಅಂತ ಒಂದು, ಮೆಟ್ಟಿಲು ಮೊದಲಿಗಿಂತ ನಿಧಾನ ಹತ್ತುತೀನಿ ಅಂತ ಇನ್ನೊಂದು. ಮೆತ್ತನೆ ಕುರ್ಚಿಯಿಂದ ಏಳೋಕೆ ಏನಾದ್ರೂ ಹಿಡ್ಕೋಬೇಕು ಅಂತ ಒಂದು, ಸಾಕ್ಸ್ ಹಾಕ್ಕೊಳೋಕೆ ಕಷ್ಟ ಅಂತ ಮತ್ತೊಂದು. ನಿಮ್ಮ ಹತ್ರ ಬರೋ ಆ ಹೆಂಗಸು ಇರೋದು ಒಂದೇ ಅಂತಸ್ತಿನ ಮನೇಲೋ, ಗುಂಡಗಿನ ಹುಲ್ಲು ಹೊದಿಸಿದ ಗುಡಿಸಲಲ್ಲೋ. ಮೆಟ್ಟಿಲೇ ಇಲ್ಲ. ಕೂರೋದು ನೆಲದ ಮೇಲೆ ಕಾಲು ಚಾಚಿ, ಇಲ್ಲಾಂದ್ರೆ ಗಿಡ್ಡ ಮರದ ಕುರ್ಚಿ ಮೇಲೆ. ಸಾಕ್ಸ್ ಚಳಿಗಾಲಕ್ಕೆ ಇದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಆಯಮ್ಮ ಇವ್ಯಾವುದಕ್ಕೂ ಟಿಕ್ ಹಾಕಲ್ಲ, ಹಾಕೋಕೆ ಕಾರಣವೇ ಇಲ್ವಲ್ಲ, ಆದ್ರೆ ಸ್ಕೋರ್ ಲೆಕ್ಕದಲ್ಲಿ "ನಂಗೆ ಮೆಟ್ಟಿಲು ಇಲ್ಲ" ಅನ್ನೋದೂ "ಮೆಟ್ಟಿಲು ಹತ್ತೋಕೆ ನಂಗೇನೂ ತೊಂದ್ರೆ ಇಲ್ಲ" ಅನ್ನೋದೂ ಎರಡೂ ಸೊನ್ನೇನೇ. 24ರಲ್ಲಿ ನಾಲ್ಕು ವಾಕ್ಯ ಶುರುವಿನಲ್ಲೇ ಸತ್ತುಹೋದ್ರೆ ಆಯಮ್ಮ ಎಷ್ಟೇ ನರಳಿದ್ರೂ 20ರ ಮೇಲೆ ಹೋಗೋ ಹಾಗೇ ಇಲ್ಲ. ನಿಮ್ಮ ಟ್ರಾನ್ಸ್‌ಲೇಟರ್ ಮೆಟ್ಟಿಲು ಅನ್ನೋದಕ್ಕೆ ಸರಿಯಾದ ಸೆಟ್ಸ್ವಾನ ಪದಾನೇ ಕೊಡಬಹುದು, ವ್ಯಾಕರಣಾನೂ ಸರಿ ಇರಬಹುದು, ಈ ತೊಂದ್ರೆ ಮಾತ್ರ ಹಾಗೇ ಉಳಿಯುತ್ತೆ.

ಇನ್ನೊಂದು ಕಡೆ, ಆಯಮ್ಮ ದಿನಾ ಮಾಡೋ ಕೆಲಸ ಯಾವುದೂ ಫಾರ್ಮಲ್ಲೇ ಇಲ್ಲ. ಬೆಳಗ್ಗೆ ಎದ್ದು ಗಿಡ್ಡ ಹುಲ್ಲಿನ ಪೊರಕೇಲಿ ಸೊಂಟ ಬಗ್ಗಿಸಿ ಇಡೀ ಅಂಗಳ ಗುಡಿಸೋದು, ನೀರು ಹೊತ್ಕೊಂಡು ಬರೋದು, ಮರದ ಒರಳಲ್ಲಿ ಜೋಳ ಕುಟ್ಟೋದು, ಮೂರು ಕಾಲಿನ ಕಬ್ಬಿಣದ ಪಾತ್ರೆ ಒಲೆಯಿಂದ ಇಳಿಸೋದು, ಮಳೆ ಬಿದ್ರೆ ಹೊಲಕ್ಕೆ ಹೋಗಿ ಅಲ್ಲೇ ಉಳಿಯೋದು. ಗಂಡಸರಾದ್ರೆ ದನದ ಹಟ್ಟಿ, ಅದು ಊರಿಂದ ಎಷ್ಟೋ ದೂರ, ಅಲ್ಲಿ ಬೋರ್‌ವೆಲ್ಲಿಂದ ದನಕ್ಕೆ ನೀರು. ಊರಲ್ಲಿ ಯಾರಾದ್ರೂ ಸತ್ತರೆ ಆ ಮನೆಗೆ ಹೋಗಿ ಅಡುಗೆಗೆ ಕೈ ಹಾಕಬೇಕು, ಹೋಗದೇ ಇರೋದು ದೊಡ್ಡ ವಿಷಯ. ಬೆನ್ನುನೋವು ಅಂತ ಸಾವಿನ ಮನೆ ಕೆಲಸಕ್ಕೆ ಹೋಗೋದು ಬಿಟ್ಟಿದಾರೆ ಅಂದ್ರೆ ಅವರ ಬೆನ್ನು ಎಷ್ಟು ಹಾಳಾಗಿದೆ ಅಂತ ನಂಗೆ ಒಂದೇ ಮಾತಲ್ಲಿ ಗೊತ್ತಾಗುತ್ತೆ. ಇಂಗ್ಲಿಷ್ ಫಾರ್ಮ್ ಅದನ್ನ ಕೇಳೋದೇ ಇಲ್ಲ.

ನರ್ಸ್ ಆ ಹೊತ್ತಿಗೆ ತೋಚಿದ ಹಾಗೆ ಹೇಳೋದು ಇನ್ನೊಂದು ಅಪಾಯ. ಸೋಮವಾರದ ನರ್ಸ್ ಒಂಥರ ಹೇಳ್ತಾರೆ, ಗುರುವಾರದ ನರ್ಸ್ ಇನ್ನೊಂಥರ, ತಿಂಗಳಾದ ಮೇಲೆ ಸ್ಕೋರ್ ಮೂರು ಕಮ್ಮಿ ಆಗಿದ್ರೆ ವಾಸಿ ಆಗಿದ್ದೋ ನರ್ಸ್ ಬದಲಾಗಿದ್ದೋ ಯಾರಿಗ್ ಗೊತ್ತು. ಜೊತೆಗೆ ಮರ್ಯಾದೆ ಅನ್ನೋದೊಂದಿದೆ. ಅಲ್ಲಿ ಮಾತು ಶುರುವಾಗೋದೇ "ದುಮೆಲಾ ಮ್ಮಾ" ಅಂತ ನಮಸ್ಕಾರ ಹೇಳಿ, ಹೇಗೆ ಎದ್ರಿ ಅಂತ ವಿಚಾರಿಸ್ಕೊಂಡು, ಅದಕ್ಕೆ ಚೆನ್ನಾಗೇ ಎದ್ದೆ ಅಂತ ಉತ್ತರ. ಈ ಉಪಚಾರದ ಬೆನ್ನಲ್ಲೇ ಅದೇ ದನೀಲಿ ಪ್ರಶ್ನಾವಳಿ ಶುರು ಮಾಡಿದ್ರೆ ಆ ಉತ್ತರಗಳೂ ಉಪಚಾರದ ಉತ್ತರಗಳೇ ಆಗ್ತವೆ, ನಮ್ಮೂರಲ್ಲೂ ಡಾಕ್ಟ್ರು "ಹೇಗಿದೀರಾ" ಅಂದ್ರೆ "ಪರವಾಗಿಲ್ಲ ಸರ್" ಅನ್ನಲ್ವಾ, ಹಾಗೆ.

ಬೋಟ್ಸ್ವಾನದ ಹಳ್ಳಿಗಳಲ್ಲಿ ಜನ ತಮ್ಮ ಮೈಕೈ ನೋವಿನ ಬಗ್ಗೆ ಹೇಗೆ ಮಾತಾಡ್ತಾರೆ ಅಂತ ಮರಿಯಾ ಹೊಂಡ್ರಾಸ್ ಮತ್ತೆ ಅವರ ಜೊತೆಯವರು ಹಳ್ಳಿಗಳಲ್ಲೇ ಉಳಿದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದಾರೆ. ನೋವಿಗೆ ಅಲ್ಲಿ ಹೇಳೋ "ಬೊತ್ಲೊಕೊ" ಅನ್ನೋ ಪದಾನೇ ಅದರ ತಲೆಬರಹದಲ್ಲಿದೆ. ಫಾರ್ಮ್ ಮುಟ್ಟೋಕೆ ಮುಂಚೆ ಅದನ್ನ ಓದಿ ಅಂತ ಕೇಳ್ಕೋತೀನಿ. ಸ್ಕಾಟ್ ಹಾಲ್ಡೆಮನ್ 2008ರಲ್ಲಿ ಕಟ್ಟಿದ ವರ್ಲ್ಡ್ ಸ್ಪೈನ್ ಕೇರ್ ಸಂಸ್ಥೆ ಶೋಶಾಂಗ್, ಮಹಲಪ್ಯೆ ಊರುಗಳಲ್ಲಿ ಬೆನ್ನಿನ ಕ್ಲಿನಿಕ್ ನಡೆಸಿದೆ, ಆ ಕೆಲಸದಲ್ಲಿ ಇದ್ದೋರನ್ನ ಹುಡುಕಿ ಮಾತಾಡಿದ್ರೆ ನಿಮಗೆ ಎಷ್ಟೋ ದಾರಿ ಉಳಿಯುತ್ತೆ. ಈಗಾಗ್ಲೇ ಬೇರೆಯವರು ಮಾಡಿರೋ ಸೆಟ್ಸ್ವಾನ ಅನುವಾದ ಇದೆಯಾ ಅಂತ ಮೊದಲು ಹುಡುಕಿ. ಇದ್ರೆ ಅದನ್ನ ನಿಮ್ಮ ರೋಗಿಗಳಲ್ಲಿ ಪರೀಕ್ಷೆ ಮಾಡೋದು ಹೊಸದಾಗಿ ಮಾಡೋದಕ್ಕಿಂತ ಎಷ್ಟೋ ಒಳ್ಳೇದು, ಒಂದೇ ಭಾಷೇಲಿ ಐದು ಥರದ ಫಾರ್ಮ್ ಓಡಾಡಿದ್ರೆ ಯಾರ ಸ್ಕೋರನ್ನ ಯಾರ ಜೊತೆ ಹೋಲಿಸೋದು.

ಪ್ರಶ್ನೆ: ನಾನು ಮಂಗಳೂರಲ್ಲಿ ಫಿಸಿಯೋಥೆರಪಿ ಓದ್ತಿದೀನಿ. ಅನುವಾದ ಮಾಡಿದ್ದನ್ನ ವಾಪಸ್ ಇಂಗ್ಲಿಷ್‌ಗೆ ಅನುವಾದ ಮಾಡಿಸ್ತಾರಂತೆ, ಅದೂ ಇಬ್ಬಿಬ್ರ ಹತ್ರ. ಇಷ್ಟೊಂದು ಯಾಕೆ? ಸೆಟ್ಸ್ವಾನ ಥರದ ಭಾಷೆಗೆ ಅಂಥ ಜನ ಸಿಗ್ತಾರಾ?

ಉತ್ತರ: ಡಾರ್ಕಸ್ ಬೀಟನ್ ಮತ್ತೆ ಅವರ ತಂಡ 2000ದಲ್ಲಿ ಬರೆದ ಕ್ರಮಾನೇ ಹೆಚ್ಚಿನವರು ಅನುಸರಿಸೋದು. ಮೊದಲು ಇಬ್ರು ಸೆಟ್ಸ್ವಾನ ಮನೆಮಾತಿನವರು ಬೇರೆಬೇರೆ ಕೂತು ಅನುವಾದ ಮಾಡಬೇಕು, ಒಬ್ರಿಗೆ ವೈದ್ಯಕೀಯ ವಿಷಯ ಗೊತ್ತಿರಬೇಕು, ಇನ್ನೊಬ್ರಿಗೆ ಗೊತ್ತಿರಬಾರದು. ಈ ಗೊತ್ತಿಲ್ಲದ ವ್ಯಕ್ತಿ ತುಂಬಾ ಮುಖ್ಯ, ಯಾಕಂದ್ರೆ ಮನೇಲಿ ಆಡೋ ಮಾತು ಬರೋದು ಅವರಿಂದಲೇ, ನರ್ಸು ಡಾಕ್ಟ್ರು ಮಾಡಿದ್ರೆ ಅದು ಆಸ್ಪತ್ರೆ ಗೋಡೆ ಮೇಲಿನ ಬೋರ್ಡ್ ಥರ ಆಗುತ್ತೆ. ಎರಡನ್ನೂ ಸೇರಿಸಿ ಒಂದು ಮಾಡಿದ ಮೇಲೆ, ಮೂಲ ಫಾರ್ಮ್ ನೋಡೇ ಇರದ ಇನ್ನಿಬ್ರು ಅದನ್ನ ವಾಪಸ್ ಇಂಗ್ಲಿಷ್‌ಗೆ ತರ್ತಾರೆ, ಇವರ ಮನೆಮಾತು ಇಂಗ್ಲಿಷ್ ಇರಬೇಕು. ಆಮೇಲೆ ಎಲ್ರೂ ಒಂದು ಕಮಿಟಿ ಆಗಿ ಕೂತು ಒಂದೊಂದೇ ವಾಕ್ಯ ಚರ್ಚೆ ಮಾಡ್ತಾರೆ, ಕೊನೆಗೆ 30ರಿಂದ 40 ರೋಗಿಗಳಿಗೆ ಕೊಟ್ಟು ನೋಡ್ತಾರೆ.

ಸೆಟ್ಸ್ವಾನ ಚೆನ್ನಾಗಿ ಬರೋ ಇಂಗ್ಲಿಷ್ ಮನೆಮಾತಿನವರು ಸಿಗೋದು ಕಷ್ಟ ಆದ್ರೂ ಸಿಕ್ತಾರೆ, ಅಲ್ಲೇ ಹುಟ್ಟಿ ಬೆಳೆದ ಜಮೀನು ಮಾಲೀಕರ ಮನೆಯವರು, ಮಿಷನ್ ಕುಟುಂಬದವರು, ಅಮೆರಿಕದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್‌ನಲ್ಲಿ ಬಂದು ಹಳ್ಳೀಲಿದ್ದು ಭಾಷೆ ಕಲಿತೋರು. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ವಾಪಸ್ ಅನುವಾದಕ್ಕೆ ಎಲ್ರೂ ಕೊಡೋ ಮಹತ್ವ ಸ್ವಲ್ಪ ಜಾಸ್ತೀನೇ. ಪದಕ್ಕೆ ಪದ ಇಟ್ಟು ಮಾಡಿದ ಕೆಟ್ಟ ಅನುವಾದ ವಾಪಸ್ ಬರುವಾಗ ತುಂಬಾ ಚೆನ್ನಾಗಿ ಹೊಂದುತ್ತೆ, ಮೆಟ್ಟಿಲು ಮೆಟ್ಟಿಲಾಗೇ ವಾಪಸ್ ಬರುತ್ತೆ, ಕಮಿಟಿಗೆ ಖುಷಿ, ರೋಗಿಗೆ ಉಪಯೋಗ ಇಲ್ಲ. ನಿಜವಾದ ಪರೀಕ್ಷೆ ಆ 30-40 ಜನರ ಹತ್ರ ಆಗೋದು, ಅದನ್ನೇ ಎಷ್ಟೋ ಥೀಸಿಸ್‌ಗಳಲ್ಲಿ ಒಂದು ಪ್ಯಾರಾಗ್ರಾಫಲ್ಲಿ "ಯಾರಿಗೂ ಕಷ್ಟ ಆಗಲಿಲ್ಲ" ಅಂತ ಮುಗಿಸ್ತಾರೆ, ಅದನ್ನ ಓದಿದಾಗೆಲ್ಲ ಬೇಜಾರಾಗುತ್ತೆ. ಅರ್ಥ ಆಯ್ತಾ ಅಂತ ಕೇಳಿದ್ರೆ ಯಾರಾದ್ರೂ ಆಯ್ತು ಅಂತಾನೇ ಅನ್ನೋದು. ವಾಕ್ಯ ಓದಿ ಆದ್ಮೇಲೆ, ಇದನ್ನ ನಿಮ್ಮ ಪಕ್ಕದ ಮನೆಯವರಿಗೆ ನಿಮ್ಮ ಮಾತಲ್ಲಿ ಹೇಳಿ ನೋಡೋಣ ಅನ್ನಬೇಕು. "ನೋವಿಂದ ಸಿಟ್ಟು ಜಾಸ್ತಿ ಬರುತ್ತೆ" ಅನ್ನೋ ವಾಕ್ಯಕ್ಕೆ ಯಾವುದೋ ಒಂದು ಸಲದ ಜಗಳ ನೆನಪಾಯ್ತಾ, ಮನಸ್ಸಿಗೆ ನೋವಾಗಿದೆ ಅಂತ ತಗೊಂಡ್ರಾ, ನೋಡಬೇಕು, ಯಾಕಂದ್ರೆ ಸೆಟ್ಸ್ವಾನದಲ್ಲೂ ಮೈ ನೋವಿಗೂ ಮನಸ್ಸಿನ ನೋವಿಗೂ ಅದೇ ಪದ ನಡೆಯುತ್ತೆ. "ಬೆನ್ನಿನ ದೆಸೆಯಿಂದ" ಅನ್ನೋದು ಕಿವಿಗೆ ಬಿತ್ತಾ ಇಲ್ವಾ ಅಂತಾನೂ ಕೇಳಬೇಕು, ಮಂಡಿನೋವಿಂದ ನಿಧಾನ ನಡೆಯೋ ಅಜ್ಜಿ ನಿಧಾನ ನಡೀತೀನಿ ಅಂತ ಟಿಕ್ ಹಾಕಿದ್ರೆ ಅದು ಬೆನ್ನಿನ ಸ್ಕೋರ್ ಹೇಗಾಗುತ್ತೆ.

ಹೊಂದದ ವಾಕ್ಯ ಬದಲಾಯಿಸಬಹುದಾ ಅಂದ್ರೆ, ಬದಲಾಯಿಸಬಹುದು, ಅದೇ ಚಲನೆ ಅದೇ ಕಷ್ಟ ಇರೋ ಅಲ್ಲಿನ ಕೆಲಸ ಇಡಬೇಕು. ಸಾಕ್ಸ್ ವಾಕ್ಯದ ಒಳಗಿರೋದು ಬಗ್ಗಿ ಪಾದ ಮುಟ್ಟೋ ಕಷ್ಟ, ಹಾಗಾಗಿ ಬೂಟು ಹಾಕೋದು, ಪಾದ ತೊಳೆಯೋದು ಥರದ್ದು ನೋಡಬಹುದು. ಮೆಟ್ಟಿಲಿನ ಬದಲು ಮಿನಿಬಸ್ ಹತ್ತೋದು ಇಡಬಹುದಾ, ಅದನ್ನ ಅಲ್ಲಿನ ರೋಗಿಗಳನ್ನ ಕೇಳಿ ತೀರ್ಮಾನ ಮಾಡಬೇಕು. ಬದಲಾಯಿಸಿದ ಪ್ರತಿ ವಾಕ್ಯಕ್ಕೂ ಕಾರಣ ಬರೆದಿಡಿ.

ಪ್ರಶ್ನೆ: ಬೆಂಗಳೂರಲ್ಲಿ ಡೇಟಾ ಕೆಲಸ ಮಾಡೋನು ನಾನು. ಇಂಥ ಪೇಪರ್‌ಗಳಲ್ಲಿ ಕ್ರಾನ್‌ಬ್ಯಾಕ್ ಆಲ್ಫಾ 0.9 ಬಂತು, ಅದಕ್ಕೆ ಫಾರ್ಮ್ ವ್ಯಾಲಿಡ್, ಅಂದ್ರೆ ಅಳೀಬೇಕಾದ್ದನ್ನೇ ಅಳೆಯುತ್ತೆ ಅಂತ ಬರೀತಾರೆ. ಇದು ಸರೀನಾ?

ಉತ್ತರ: ಸರಿ ಇಲ್ಲ. ಆಲ್ಫಾ ಹೇಳೋದು ಆ ವಾಕ್ಯಗಳು ಒಂದಕ್ಕೊಂದು ಜೊತೆಯಾಗಿ ಹೋಗ್ತಿವೆಯಾ ಅಂತ ಅಷ್ಟೇ. 0.70ರಿಂದ 0.95ರ ಒಳಗಿದ್ರೆ ಚೆನ್ನಾಗಿದೆ ಅಂತಾರೆ, 0.95 ದಾಟಿದ್ರೆ ಒಂದೇ ಪ್ರಶ್ನೆಯನ್ನ ತಿರುಗಿಸಿ ಮುರುಗಿಸಿ ಕೇಳಿದೀರ ಅಂತ ಅನುಮಾನ ಪಡಬೇಕು. 24 ವಾಕ್ಯ ಇರೋ ಫಾರ್ಮ್‌ಗೆ ಆಲ್ಫಾ ಮೇಲೆ ಬರೋದು ದೊಡ್ಡ ಸಾಧನೇನೂ ಅಲ್ಲ, ವಾಕ್ಯಗಳ ಸಂಖ್ಯೆ ಜಾಸ್ತಿ ಇದ್ರೆ ಅದು ತಾನಾಗೇ ಏರುತ್ತೆ.

ಕ್ಲಿನಿಕ್‌ನಲ್ಲಿರೋರಿಗೆ ಬೇಕಾಗಿರೋ ಸಂಖ್ಯೆ ಬೇರೆ. ನೋವು ಬದಲಾಗದ ಅದೇ ಜನರಿಗೆ ಕೆಲವು ದಿನ ಬಿಟ್ಟು ಅದೇ ಫಾರ್ಮ್ ಮತ್ತೆ ಕೊಟ್ರೆ ಅದೇ ಸ್ಕೋರ್ ಬರುತ್ತಾ? ತುಂಬಾ ಬೇಗ ಕೊಟ್ರೆ ಹಿಂದಿನ ಉತ್ತರ ನೆನಪಿರುತ್ತೆ, ತುಂಬಾ ತಡ ಮಾಡಿದ್ರೆ ನೋವೇ ಬದಲಾಗಿರುತ್ತೆ, ಅದಕ್ಕೆ ಒಂದೆರಡು ವಾರ ಅಂತ ಇಟ್ಕೋತಾರೆ. ಇದಕ್ಕೆ ಬರೋ ಐಸಿಸಿ ಅನ್ನೋ ಅಂಕಿಯಿಂದ (1ರ ಹತ್ರ ಇದ್ದಷ್ಟೂ ಎರಡೂ ಸಲದ ಸ್ಕೋರ್ ಹೊಂದುತ್ತೆ ಅಂತ) ಒಂದು ಲೆಕ್ಕ ಮಾಡೋಣ, ಸಂಖ್ಯೆ ಉದಾಹರಣೆಗೆ ತಗೊಂಡಿದ್ದು. ಸ್ಕೋರಿನ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಜನರ ಸ್ಕೋರ್ ಸರಾಸರಿಯಿಂದ ಎಷ್ಟು ಚೆದುರಿದೆ ಅನ್ನೋದು, 5, ಐಸಿಸಿ 0.90 ಅಂದ್ಕೊಳ್ಳಿ. 1ರಲ್ಲಿ 0.90 ಕಳೆದ್ರೆ 0.10, ಅದರ ವರ್ಗಮೂಲ 0.316, 5ರಿಂದ ಗುಣಿಸಿದ್ರೆ 1.58, ಇದು ಅಳತೆಯ ತಪ್ಪು. ಎರಡು ಸಲ ಅಳೆದಿರೋದ್ರಿಂದ ಅದನ್ನ 2ರ ವರ್ಗಮೂಲದಿಂದಲೂ 1.96ರಿಂದಲೂ ಗುಣಿಸಿ, ಸುಮಾರು 4.4 ಬಂತು. ಅಂದ್ರೆ ಇಷ್ಟು ಒಳ್ಳೆ ಐಸಿಸಿ ಇದ್ರೂ ಒಬ್ಬ ರೋಗಿಯ ಸ್ಕೋರ್ 12ರಿಂದ 9ಕ್ಕೆ ಇಳಿದ್ರೆ ವಾಸಿ ಆಗಿದೆ ಅಂತ ಹೇಳೋ ಹಾಗಿಲ್ಲ, ಕಮ್ಮಿ ಅಂದ್ರೆ 5 ಇಳೀಬೇಕು. ಈ ಲೆಕ್ಕ ಮೊದಲ ಪುಟದಲ್ಲೇ ಬರಬೇಕು ಅಂತ ನಾನು ಯಾವಾಗ್ಲೂ ಹೇಳೋದು.

ವ್ಯಾಲಿಡ್ ಅನ್ನೋಕೆ ಇನ್ನೂ ಇದೆ. ನೋವು ಎಷ್ಟಿದೆ ಅಂತ ರೋಗಿ ಹೇಳೋ ಅಂಕಿ ಜೊತೆ ಈ ಸ್ಕೋರ್ ಎಷ್ಟು ಹೊಂದಬೇಕು ಅಂತ ಡೇಟಾ ನೋಡೋಕೆ ಮುಂಚೆಯೇ ಬರೆದಿಟ್ಟು ಆಮೇಲೆ ಪರೀಕ್ಷೆ ಮಾಡಬೇಕು, ಪೂರ್ತಿ ಹೊಂದಿದ್ರೂ ತಪ್ಪೇ, ಯಾಕಂದ್ರೆ ನೋವು ಬೇರೆ, ನೋವಿಂದ ಕೆಲಸ ನಿಲ್ಲೋದು ಬೇರೆ. ನೋವು ಎಷ್ಟೇ ಇದ್ರೂ ದನಕ್ಕೆ ನೀರು ಹಾಕಲೇಬೇಕು ಅನ್ನೋರ ಮಧ್ಯೆ ಈ ಎರಡರ ನಂಟು ಇಂಗ್ಲೆಂಡಲ್ಲಿ ಇದ್ದ ಹಾಗೇ ಇರಬೇಕು ಅಂತೇನಿಲ್ಲ, ಅದನ್ನ ಅನುವಾದದ ತಪ್ಪು ಅಂತ ಬೇಗ ತೀರ್ಮಾನ ಮಾಡಬಾರದು. 100ರಲ್ಲಿ 15ಕ್ಕಿಂತ ಜಾಸ್ತಿ ಜನಕ್ಕೆ ಅತಿ ಕಮ್ಮಿ ಸ್ಕೋರೋ ಅತಿ ಜಾಸ್ತಿ ಸ್ಕೋರೋ ಬಂದ್ರೆ ಫಾರ್ಮ್ ಅಲ್ಲಿ ಕುರುಡಾಗಿದೆ ಅಂತ ಅರ್ಥ. ವಾಕ್ಯಗಳು ಹೇಗೆ ಗುಂಪಾಗ್ತವೆ ಅಂತ ನೋಡೋಕೆ ವಾಕ್ಯಕ್ಕೆ ಏಳು ಜನ ಅಂತ ಲೆಕ್ಕ, 24 ವಾಕ್ಯಕ್ಕೆ 168 ಜನ ಬೇಕು. ಸಣ್ಣ ಕ್ಲಿನಿಕ್‌ಗೆ ಇದು ಭಾರೀ ಕೆಲಸ, ಅದಕ್ಕೇ ನಾಲ್ಕಾರು ಕ್ಲಿನಿಕ್ ಸೇರಿ ಮಾಡಿ ಅಂತ ಗ್ಯಾಬರೋನಿನವರಿಗೂ ಹೇಳ್ತೀನಿ. ಬೋಟ್ಸ್ವಾನದ ಆರೋಗ್ಯ ಸಚಿವಾಲಯದ ರಿಸರ್ಚ್ ಅನುಮತಿಗೆ ಮೊದಲೇ ಅರ್ಜಿ ಹಾಕಿ.

ಪ್ರಶ್ನೆ: ಜೊಹಾನ್ಸ್‌ಬರ್ಗಲ್ಲಿದೀನಿ. ಸೆಟ್ಸ್ವಾನ ಬೋಟ್ಸ್ವಾನದ ಭಾಷೆ ಅಂತೀರ, ಇಲ್ಲೇ ಎಷ್ಟು ಜನ ಮಾತಾಡ್ತಾರೆ ಗೊತ್ತಾ? ಎರಡೂ ದೇಶಕ್ಕೆ ಒಂದೇ ಫಾರ್ಮ್ ಆಗುತ್ತಾ?

ಉತ್ತರ: ನೀವು ಹೇಳಿದ್ದು ನಿಜ, ಸೆಟ್ಸ್ವಾನ ಮಾತಾಡೋರು ಬೋಟ್ಸ್ವಾನಕ್ಕಿಂತ ದಕ್ಷಿಣ ಆಫ್ರಿಕಾದಲ್ಲೇ ಜಾಸ್ತಿ. ಅಲ್ಲಿನ 2011ರ ಜನಗಣತೀಲಿ 40 ಲಕ್ಷದ ಮೇಲೆ ಜನ ಅದನ್ನ ಮನೆಮಾತು ಅಂತ ಬರೆಸಿದಾರೆ, ಬೋಟ್ಸ್ವಾನದ ಒಟ್ಟು ಜನಸಂಖ್ಯೆಯೇ 2022ರಲ್ಲಿ ಸುಮಾರು 23.6 ಲಕ್ಷ. ದಕ್ಷಿಣ ಆಫ್ರಿಕಾದಲ್ಲಿ ಅದು ಅಧಿಕೃತ ಭಾಷೆ, ಬೋಟ್ಸ್ವಾನದಲ್ಲಿ ರಾಷ್ಟ್ರಭಾಷೆ, ಆಫೀಸಿನ ಭಾಷೆ ಇಂಗ್ಲಿಷ್. ದಕ್ಷಿಣ ಆಫ್ರಿಕಾದ ರಸ್ಟೆನ್‌ಬರ್ಗಿನ ಪ್ಲಾಟಿನಂ ಗಣಿ ಕಡೆ ಕೆಲಸ ಮಾಡೋನ ಬೆನ್ನೂ ಶೋಶಾಂಗಿನ ಹೊಲದಲ್ಲಿರೋ ಹೆಂಗಸಿನ ಬೆನ್ನೂ ಒಂದೇ ಭಾಷೆ ಆಡಬಹುದು, ಆದ್ರೆ ಅವರು ದಿನ ಕಳೆಯೋ ರೀತಿ ಬೇರೆಬೇರೆ. ಊರಿಂದ ಊರಿಗೆ ಮಾತಿನ ರೀತೀನೂ ಬದಲಾಗುತ್ತೆ, ಪೇಟೆ ಹುಡುಗರ ಸೆಟ್ಸ್ವಾನದಲ್ಲಿ ಇಂಗ್ಲಿಷ್, ಆಫ್ರಿಕಾನ್ಸ್ ಬೆರೆತಿರುತ್ತೆ. ನನ್ನ ಸಲಹೆ, ಕಮಿಟೀಲಿ ಶುರುವಿಂದಲೇ ಎರಡೂ ದೇಶದೋರು ಇರಲಿ, ವಾಕ್ಯಗಳು ಆದಷ್ಟು ಒಂದೇ ಇರಲಿ, ಪರೀಕ್ಷೆ ಮಾತ್ರ ಎರಡೂ ಕಡೆ ಬೇರೆಬೇರೆ ನಡೀಲಿ. ಒಂದು ಕಡೆ ಪಾಸ್ ಆಗಿದ್ದು ಇನ್ನೊಂದು ಕಡೆ ಪಾಸ್ ಅಂತ ಎಣಿಸಬೇಡಿ.

ಪ್ರಶ್ನೆ: ಬೆನ್ನುನೋವಿಗೇ ಇರೋ ಇನ್ನೊಂದು ಫಾರ್ಮ್ ಆಸ್ವೆಸ್ಟ್ರೀಲಿ ಗಂಡಹೆಂಡತಿ ಸಂಬಂಧದ ಬಗ್ಗೆ ಪ್ರಶ್ನೆ ಇದೆಯಲ್ಲ. ನಮ್ಮಲ್ಲೇ ಕೇಳೋಕಾಗಲ್ಲ, ಅಲ್ಲಿ ಹೇಗೆ ಕೇಳ್ತಾರೆ? ತೆಗೆದುಹಾಕಬಹುದಾ? (ದಾವಣಗೆರೆಯ ಓದುಗರು)

ಉತ್ತರ: ತೆಗೆಯಬೇಡಿ, ಉತ್ತರ ಹೇಳದೇ ಇರೋ ಹಕ್ಕು ಕೊಡಿ. ಜೆರೆಮಿ ಫೇರ್‌ಬ್ಯಾಂಕ್ ಮತ್ತವರ ಜೊತೆಯವರು 1980ರಲ್ಲಿ ಪ್ರಕಟಿಸಿದ ಈ ಫಾರ್ಮಲ್ಲಿ 10 ಭಾಗ, ಒಂದೊಂದಕ್ಕೂ 0ಯಿಂದ 5, ಒಟ್ಟು 50ಕ್ಕೆ ಎಷ್ಟು ಅಂತ ಶೇಕಡಾ ತೆಗೀತಾರೆ. ಒಂದು ಭಾಗ ಖಾಲಿ ಬಿಟ್ರೆ 45ಕ್ಕೆ ಲೆಕ್ಕ ಮಾಡಿದ್ರಾಯ್ತು, ಉದಾಹರಣೆಗೆ 18 ಬಂದಿದ್ರೆ 45ಕ್ಕೆ ಶೇಕಡಾ 40. ನೋವಿಂದ ದಾಂಪತ್ಯ ಕೆಟ್ಟಿರೋರು ಎಷ್ಟೋ ಜನ ಯಾರಾದ್ರೂ ಕೇಳಲಿ ಅಂತಾನೇ ಕಾಯ್ತಿರ್ತಾರೆ, ನಾವು ನಾಚಿಕೊಂಡು ಆ ಸಾಲು ಹೊಡೆದುಹಾಕಿದ್ರೆ ಅವರ ಬಾಯಿ ಮುಚ್ಚಿಸಿದ ಹಾಗೆ. ವಯಸ್ಸಾದ ಹೆಂಗಸಿಗೆ ಚಿಕ್ಕ ಹುಡುಗ ನರ್ಸ್ ಗಟ್ಟಿಯಾಗಿ ಓದಿ ಕೇಳೋದಂತೂ ಬೇಡವೇ ಬೇಡ, ಹೆಂಗಸರೇ ಕೇಳಲಿ, ಪಕ್ಕದಲ್ಲಿ ಮಗನೋ ಸೊಸೆಯೋ ಇರಬಾರದು. ರೋಲಂಡ್-ಮಾರಿಸಲ್ಲಿ ಈ ಪ್ರಶ್ನೆ ಇಲ್ಲ, ಆಸ್ವೆಸ್ಟ್ರೀಲಿ ಮೈಲಿ, ಗಜ, ನೆಚ್ಚಿನ ಕುರ್ಚಿ ಅಂತ ಬೇರೆ ಕಷ್ಟಗಳಿವೆ. ಒಂದೊಂದು ಭಾಗಕ್ಕೂ ಆರಾರು ವಾಕ್ಯ ಓದಿ ಒಂದು ಆರಿಸಬೇಕು, ಓದೋಕೆ ಬರದೋರಿಗೆ ಆರನೇದು ಹೇಳೋ ಹೊತ್ತಿಗೆ ಮೊದಲನೇದು ಮರೆತಿರುತ್ತೆ. ಬಾಯಲ್ಲೇ ಕೇಳೋ ಕಡೆ ನಾನು ರೋಲಂಡ್-ಮಾರಿಸನ್ನೇ ಆರಿಸ್ತೀನಿ, ಹೌದು ಇಲ್ಲ ಅಂದ್ರೆ ಮುಗೀತು.

ಪ್ರಶ್ನೆ: ಬೋಟ್ಸ್ವಾನದ ಫ್ರಾನ್ಸಿಸ್‌ಟೌನಲ್ಲಿ ಅಂಗಡಿ ಇಟ್ಟಿದೀವಿ, ನಮ್ಮಲ್ಲಿ ಕೆಲಸ ಮಾಡೋರಲ್ಲಿ ಹೆಚ್ಚಿನವರು ಕಲಂಗಾ ಮನೆಮಾತಿನವರು. ಅವರಿಗೂ ಈ ಸೆಟ್ಸ್ವಾನ ಫಾರ್ಮೇ ಕೊಡ್ತಾರಾ?

ಉತ್ತರ: ಇಂಥ ಕಡೆ ಕೈಗೆ ಸಿಗೋ ಫಾರ್ಮೇ ಕೊಡೋದು ರೂಢಿ, ಅದೇ ನಂಗೆ ಚಿಂತೆ. ಅವರು ಸ್ಕೂಲಲ್ಲಿ ಸೆಟ್ಸ್ವಾನ ಕಲ್ತಿರ್ತಾರೆ, ಸಂತೇಲಿ ಆಫೀಸಲ್ಲಿ ಅದನ್ನೇ ಆಡ್ತಾರೆ, ಆದ್ರೆ ಕಲಂಗಾ, ಕ್ಗಲಗಡಿ, ಯೇಯಿ, ಸಾನ್ ಜನರ ಭಾಷೆಗಳು ಮನೆಮಾತಾಗಿರೋರು ಬೋಟ್ಸ್ವಾನದಲ್ಲಿ ಬಹಳ ಜನ ಇದಾರೆ. ಫಾರ್ಮ್ ಪರೀಕ್ಷೆ ಮಾಡುವಾಗ ಪ್ರತಿಯೊಬ್ಬರ ಮನೆಮಾತು ಬರ್ಕೊಳ್ಳಿ ಅಂತ ನಾನು ಹೇಳೋದು ಇದಕ್ಕೇ. ಎರಡನೇ ಭಾಷೆಯಾಗಿ ಸೆಟ್ಸ್ವಾನ ಆಡೋರ ಉತ್ತರ ಬೇರೆ ಥರ ಬರ್ತಿದೆಯಾ ಅಂತ ಪ್ರತ್ಯೇಕ ನೋಡಬೇಕು, ಬೇರೆ ಬಂದ್ರೆ ಅವರಿಗೆ ಅವರ ಭಾಷೇಲೇ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಅಲ್ಲೀವರೆಗೆ ನಿಮ್ಮ ಕೆಲಸದೋರು ಕ್ಲಿನಿಕ್‌ಗೆ ಹೋದಾಗ ಕಲಂಗಾ ಬರೋ ಸಿಬ್ಬಂದಿ ಹತ್ರಾನೇ ಮಾತಾಡಿಸಿ ಅಂತ ಕೇಳೋಕೆ ಹೇಳಿ, ಭಾರ ಎತ್ತೋ ಕೆಲಸ ಏನೇನಿದೆ ಅಂತ ನೀವೇ ಒಂದು ಚೀಟೀಲಿ ಬರೆದು ಕೊಟ್ಟು ಕಳಿಸಿ.